ಗಿಳಿಮೀನು, ಅದರ ಎರಡು ಬಣ್ಣ, ಅದರ ರಾತ್ರಿಯ ಪರದೆ: ಪದಗಳು ಬೇಕಾಗಿವೆ

ಗೆಳೆಯರೆಲ್ಲರಿಗೂ ನಮಸ್ಕಾರ.

ಮಕ್ಕಳ ಮಾಸಪತ್ರಿಕೆಯೊಂದಕ್ಕೆ ಹವಳದ ದಿಬ್ಬದ ಮೀನೊಂದರ ಬಗ್ಗೆ ನಾಲ್ಕು ಪುಟಗಳ ಲೇಖನ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಅದಕ್ಕೆ ಪ್ಯಾರಟ್ ಫಿಶ್ ಎಂದು ಹೆಸರು. ಐದನೆಯ ತರಗತಿಯ ಮಗು ಯಾರನ್ನೂ ಕೇಳದೆ ಓದಿಕೊಳ್ಳುವಂತಿರಬೇಕು ಎಂದು ಸಂಪಾದಕರು ಹೇಳಿದ್ದಾರೆ, ಅದು ನನಗೂ ಒಪ್ಪಿಗೆಯಾದ ಮಾತು. ಅರ್ಧ ಬರೆದು ಮೂರು ಕಡೆ ತಡೆದು ನಿಂತಿದ್ದೇನೆ. ಮೊದಲನೆಯದು ಹೆಸರು. ಎರಡನೆಯದು ಈ ಮೀನು ಬಾಳಿನ ನಡುವೆ ಬಣ್ಣವನ್ನೂ ಲಿಂಗವನ್ನೂ ಬದಲಿಸಿಕೊಳ್ಳುವುದನ್ನು ಹೇಳುವ ಪದ. ಮೂರನೆಯದು ರಾತ್ರಿ ಅದು ತನ್ನ ಸುತ್ತ ಕಟ್ಟಿಕೊಳ್ಳುವ ಲೋಳೆಯ ಹೊದಿಕೆಗೆ ಪದ. ಈ ಮೂರನ್ನೂ ಹುಡುಕುತ್ತಾ ಹೋದಂತೆ ನಮ್ಮ ಅಡುಗೆಮನೆ, ಹೊಲಗದ್ದೆಗಳ ಮಾತೇ ಎಷ್ಟೋ ಕಡೆ ಕೈಹಿಡಿಯಿತು. ಅದನ್ನೆಲ್ಲ ನಿಮ್ಮ ಮುಂದಿಟ್ಟು, ಉಳಿದ ಸಂದೇಹಗಳನ್ನು ಕೇಳುತ್ತೇನೆ.

ಮೊದಲು ಮೀನನ್ನು ಕಂಡದ್ದು ಹೇಗೆ ಎಂಬುದನ್ನು ಹೇಳಬೇಕು. ಕಳೆದ ಚಳಿಗಾಲದಲ್ಲಿ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆ. ದಡದಿಂದ ಸುಮಾರು 19 ಕಿಲೋಮೀಟರ್. ಅಲ್ಲಿ ನೀರು ತಿಳಿಯಾಗಿರುವ ತಿಂಗಳುಗಳಲ್ಲಿ ಮುಖಕ್ಕೆ ಗಾಜು ಕಟ್ಟಿಕೊಂಡು ಮುಳುಗಿದರೆ ಬಂಡೆಗಳ ಮೇಲೆ ಬೆಳೆದ ಹವಳವೂ ಅದರ ಸುತ್ತ ಸುಳಿಯುವ ಮೀನುಗಳೂ ಕಾಣುತ್ತವೆ. ಕಣ್ಣಿಗೆ ಬೀಳುವ ಮೊದಲೇ ಈ ಮೀನು ನನಗೆ ಕೇಳಿಸಿತು. ಪಕ್ಕದಲ್ಲಿ ಯಾರೋ ಕಲ್ಲುಸಕ್ಕರೆ ಕಡಿಯುತ್ತಿರುವಂತೆ ಕರಕರ ಸದ್ದು. ತಿರುಗಿ ನೋಡಿದರೆ ಮೊಳದುದ್ದದ ಮೀನು, ಹಳದಿ ಮೈ, ಮೇಲಿಂದ ಕೆಳಕ್ಕೆ ಇಳಿಬಿದ್ದ ನೀಲಿ ಪಟ್ಟೆಗಳು. ತಲೆ ಕೆಳಗೆ ಮಾಡಿ ಬಂಡೆಯನ್ನು ಒಮ್ಮೆ ಕಚ್ಚುತ್ತದೆ, ಎರಡು ಗೇಣು ಹಿಂದೆ ಸರಿಯುತ್ತದೆ, ಮತ್ತೆ ಕಚ್ಚುತ್ತದೆ. ಕಚ್ಚಿದಲ್ಲೆಲ್ಲ ಉಗುರಿನಿಂದ ಗೀರಿದಂಥ ಜೋಡಿ ಬಿಳಿ ಗುರುತು. ಸ್ವಲ್ಪ ದೂರದಲ್ಲಿ ಹಸಿರು ನೀಲಿ ಬೆರೆತ, ಕೆನ್ನೆಯ ಮೇಲೆ ಗುಲಾಬಿ ಗೆರೆಗಳಿದ್ದ ಇನ್ನೂ ದೊಡ್ಡ ಮೀನೊಂದಿತ್ತು. ಅದು ಬೇರೆ ಜಾತಿ ಎಂದುಕೊಂಡೆ. ಎರಡೂ ಒಂದೇ ಜಾತಿ ಎಂದು ಜೊತೆಗೆ ಬಂದಿದ್ದ ಮಾರ್ಗದರ್ಶಿ ದಡಕ್ಕೆ ಬಂದ ಮೇಲೆ ಹೇಳಿದರು.

ದೋಣಿ ನಡೆಸುತ್ತಿದ್ದ ಹಿರಿಯರನ್ನು ಕೇಳಿದೆ, ‘ಅಣ್ಣ, ಈ ಮೀನಿಗೆ ನೀವು ಏನನ್ನುತ್ತೀರಿ?’ ಅವರು ಹೇಳಿದರು: ‘ಬಲೆಗೆ ಬೀಳದ ಮೀನಿಗೆ ಹೆಸರು ಎಲ್ಲಿಂದ ತರುವುದು? ಬಣ್ಣದ ಮೀನು ಎನ್ನುತ್ತೇವೆ.’ ಆ ಮಾತು ಅಂದಿನಿಂದ ನನ್ನೊಡನೆ ಇದೆ. ಬಂಗುಡೆ, ಬೂತಾಯಿ, ಅಂಜಲ್, ಕಾಣೆ ಎಂದು ತಟ್ಟೆಗೆ ಬರುವ ಮೀನುಗಳಿಗೆ ಕರಾವಳಿ ತಪ್ಪದೆ ಹೆಸರಿಟ್ಟಿದೆ. ಬಂಡೆಯ ಸಂದಿಯಲ್ಲೇ ಬಾಳಿ ಮುಗಿಸುವ ಮೀನಿಗೆ ಹೆಸರು ನಾವು ಈಗ ಕೊಡಬೇಕಾಗಿದೆ.

‘ಗಿಳಿಮೀನು’ ಎಂಬುದು ತಾನಾಗಿ ಬಾಯಿಗೆ ಬರುವ ಪದ. ಹಿಂದಿಯವರೂ ತೋತಾ ಮಛಲಿ ಎನ್ನುತ್ತಾರೆ. ಹೋಲಿಕೆಯೂ ಗಟ್ಟಿಯಾಗಿದೆ: ಗಿಳಿಯಂತೆ ಬಾಗಿದ ಮೂತಿ, ಗಿಳಿಯ ಹಸಿರು, ಅಷ್ಟೇ ಅಲ್ಲ, ಈ ಮೀನು ಈಜುವುದೂ ಹಕ್ಕಿ ಹಾರಿದ ಹಾಗೆ. ಬಾಲವನ್ನು ಅವಸರವಿದ್ದಾಗ ಮಾತ್ರ ಬಳಸುತ್ತದೆ. ಉಳಿದ ಹೊತ್ತೆಲ್ಲ ಎದೆಯ ಎರಡು ಈಜುರೆಕ್ಕೆಗಳನ್ನು ಬಡಿಯುತ್ತಾ ಸಾಗುತ್ತದೆ. ಈಜುರೆಕ್ಕೆ ಎಂಬ ನಮ್ಮ ಪದ ಇಷ್ಟು ಸರಿಯಾಗಿ ಹೊಂದುವ ಮೀನು ಬೇರೆ ಕಡಿಮೆ.

ಆದರೂ ಎರಡು ತೊಡಕುಗಳಿವೆ. ಮೊದಲನೆಯದು ಮಲಯಾಳದ್ದು. ಕೇರಳದ ಮೀನು ಮಾರುಕಟ್ಟೆಯಲ್ಲಿ ‘ಕಿಳಿಮೀನ್’ ಎಂದರೆ ಬೇರೆಯೇ ಮೀನು: ತೆಳುಗೆಂಪು ಬಣ್ಣದ, ಅಗ್ಗಕ್ಕೆ ಸಿಗುವ, ಟ್ರಾಲ್ ಬಲೆಗೆ ರಾಶಿ ರಾಶಿ ಬೀಳುವ ಮೀನು. ಮಂಗಳೂರಿನ ಕಡೆ ಅದನ್ನೇ ಮದ್ಮಲ್ ಎನ್ನುತ್ತಾರೆ, ಎಂದರೆ ತುಳುವಿನಲ್ಲಿ ಮದುಮಗಳು. ಅದರ ಕೆಂಪು ನೋಡಿ ಮದುಮಗಳನ್ನು ನೆನೆದವರ ಕಣ್ಣಿಗೆ ನಾನು ತಲೆಬಾಗುತ್ತೇನೆ. ಮಲಯಾಳದಿಂದ ಅಡುಗೆಯ ಬರಹ ಅನುವಾದಿಸುವವರು ಕಿಳಿಮೀನ್ ಎಂಬುದನ್ನು ಗಿಳಿಮೀನು ಎಂದು ಬರೆದರೆ ಮದ್ಮಲ್ ಹೋಗಿ ಹವಳ ಕಡಿಯುವ ಮೀನು ಬಾಣಲೆಗೆ ಬೀಳುತ್ತದೆ. ಮಲಯಾಳದಲ್ಲಿ ಕಿಳಿ ಎಂದರೆ ಹಕ್ಕಿ ಎಂಬ ಅಗಲವಾದ ಅರ್ಥವೂ ಇದೆ. ನಮ್ಮ ಗಿಳಿ ಗಿಳಿಯೊಂದನ್ನೇ ಹಿಡಿದು ನಿಂತಿದೆ. ಒಂದೇ ಬೇರಿನ ಪದ ಎರಡು ಮನೆಗಳಲ್ಲಿ ಬೇರೆ ಬೇರೆ ಅಳತೆಗೆ ಬೆಳೆದಿದೆ.

ಎರಡನೆಯದು ಪೇಟೆಯ ತೊಡಕು. ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ‘ಪ್ಯಾರಟ್’ ಎಂದು ಕೇಳಿದರೆ ದುಂಡು ಮೈಯ, ಬಾಯಿ ಸರಿಯಾಗಿ ಮುಚ್ಚದ ಕಿತ್ತಳೆಗೆಂಪಿನ ಸಿಹಿನೀರಿನ ಮೀನನ್ನು ತೋರಿಸುತ್ತಾರೆ. ಅದು ತೈವಾನಿನಲ್ಲಿ ಬೇರೆ ಬೇರೆ ಜಾತಿಗಳನ್ನು ಕೂಡಿಸಿ ಹುಟ್ಟಿಸಿದ ಮೀನು, ಕಡಲನ್ನು ಕಂಡದ್ದಲ್ಲ. ನನ್ನ ಲೇಖನ ಓದುವ ಮಗುವಿನ ಮನೆಯ ಗಾಜಿನ ತೊಟ್ಟಿಯಲ್ಲಿ ಅದೇ ಇರಬಹುದು.

ಹಾಗಾಗಿ ‘ಗಿಣಿಮೂತಿ ಮೀನು’ ಎಂದರೆ ಹೇಗೆ ಎಂದು ಯೋಚಿಸಿದೆ. ತುದಿ ಕೊಕ್ಕಿನಂತೆ ಬಾಗಿದ ಮಾವಿನಕಾಯಿಗೆ ನಮ್ಮ ಕಡೆ ಗಿಣಿಮೂತಿ ಎಂದೇ ಹೆಸರು. ಉಪ್ಪು ಖಾರ ಹಚ್ಚಿ ಶಾಲೆಯ ಬಾಗಿಲಲ್ಲಿ ಮಾರುವ ಆ ಕಾಯಿಯನ್ನು ಕಾಣದ ಮಗು ಹಳೆಯ ಮೈಸೂರು ಸೀಮೆಯಲ್ಲಿ ಇರಲಾರದು. ಆಕಾರ ನೋಡಿ ಹೆಸರಿಡುವ ದಾರಿಯನ್ನು ಕನ್ನಡ ಆಗಲೇ ತುಳಿದಿದೆ. ಆದರೆ ಕರಾವಳಿಯ, ಉತ್ತರ ಕರ್ನಾಟಕದ ಮಕ್ಕಳಿಗೆ ಆ ಮಾವಿನ ನೆನಪು ಇಷ್ಟೇ ಹತ್ತಿರವೇ? ಹೇಳಿ. ಸದ್ಯಕ್ಕೆ ಗಿಳಿಮೀನು ಎಂದೇ ಬರೆಯುತ್ತಾ ಹೋಗುತ್ತೇನೆ.

‘ಹವಳ’ದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಂಸ್ಕೃತದ ಪ್ರವಾಳ ಹಳಗನ್ನಡದಲ್ಲಿ ಪವಳವಾಗಿ, ಪಾಲು ಹಾಲಾದ, ಪುಲಿ ಹುಲಿಯಾದ ಕಾಲದಲ್ಲಿ ಹವಳವಾಗಿದೆ. ಪತ್ರಿಕೆಗಳಲ್ಲಿ ಹವಳದ ದಂಡೆ, ಹವಳದ ಬಂಡೆ, ಹವಳದ ದಿಬ್ಬ ಮೂರನ್ನೂ ಕಂಡಿದ್ದೇನೆ. ಬಂಡೆ ಎಂದರೆ ಮೊದಲೇ ಬಿದ್ದಿದ್ದ ಕಲ್ಲು. ದಿಬ್ಬ ಎಂದರೆ ಕಾಲಕಾಲಕ್ಕೆ ಮೇಲೆದ್ದದ್ದು. ಹವಳದ ಹುಳುಗಳು ತಲೆಮಾರುಗಳ ಮೇಲೆ ತಲೆಮಾರು ಸುಣ್ಣ ಕಟ್ಟಿ ಎಬ್ಬಿಸಿದ್ದಕ್ಕೆ ದಿಬ್ಬವೇ ತಕ್ಕ ಪದ ಎಂದು ನಾನು ತೀರ್ಮಾನಿಸಿಕೊಂಡಿದ್ದೇನೆ.

ಇನ್ನು ಬಾಯಿ. ಅದನ್ನು ಕೊಕ್ಕು ಎನ್ನಬೇಕೇ, ಹಲ್ಲು ಎನ್ನಬೇಕೇ? ಹಕ್ಕಿಯ ಕೊಕ್ಕಿನಲ್ಲಿ ಹಲ್ಲಿರುವುದಿಲ್ಲ. ಗಿಳಿಮೀನಿನ ಕೊಕ್ಕು ಪೂರ್ತಿ ಹಲ್ಲಿನದೇ. ಒಂದು ಮೀನಿನ ಬಾಯಲ್ಲಿ ಸುಮಾರು 1,000 ಹಲ್ಲುಗಳು, ಸುಮಾರು 15 ಸಾಲು, ಒಂದಕ್ಕೊಂದು ಬೆಸೆದುಕೊಂಡು ಎರಡು ಗಟ್ಟಿ ಅಂಚುಗಳಾಗಿವೆ. ಮುಂದಿನ ಸಾಲು ಸವೆದು ಉದುರಿದರೆ ಹಿಂದಿನ ಸಾಲು ಆ ಜಾಗಕ್ಕೆ ಬರುತ್ತದೆ. ಅದರ ತುದಿಯಲ್ಲಿರುವ ಖನಿಜ ಪ್ರಾಣಿಗಳ ಮೈಯಲ್ಲಿ ಹುಟ್ಟುವ ಅತ್ಯಂತ ಗಡಸು ವಸ್ತುಗಳಲ್ಲಿ ಒಂದೆಂದು 2017ರಲ್ಲಿ ಅಳೆದು ತೋರಿಸಿದ್ದಾರೆ. ‘ಹಲ್ಲುಗೊಕ್ಕು’ ಎಂದು ಸಮಾಸ ಮಾಡಬಹುದು. ಮಗುವಿಗೆ ಒಮ್ಮೆ ವಿವರಿಸಿದರೆ ಸಾಕು, ಮತ್ತೆ ಮರೆಯಲಾರದು.

ಈ ಹಲ್ಲುಗೊಕ್ಕಿನ ಹಿಂದೆ ಗಂಟಲಲ್ಲಿ ಹಲ್ಲಿರುವ ಇನ್ನೊಂದು ಜೋಡಿ ದವಡೆಗಳಿವೆ. ಕಚ್ಚಿದ ಸುಣ್ಣಗಲ್ಲು ಅಲ್ಲಿ ಪುಡಿಯಾಗುತ್ತದೆ. ಇಂಗ್ಲಿಷಿನಲ್ಲಿ ಅದನ್ನು ಗಿರಣಿ ಎಂಬ ಅರ್ಥದ ಪದದಿಂದ ಕರೆಯುತ್ತಾರೆ. ನಾನು ಮೊದಲು ‘ಗಂಟಲ ಬೀಸುಕಲ್ಲು’ ಎಂದು ಬರೆದೆ. ಬರೆದ ಮೇಲೆ ಅಜ್ಜಿಯ ಕೈ ನೆನಪಾಯಿತು. ರಾಗಿ ಬೀಸುವಾಗ ಮೇಲಿನ ಕಲ್ಲು ಗೂಟದ ಸುತ್ತ ತಿರುಗುತ್ತದೆ. ಈ ಮೀನಿನ ಗಂಟಲಲ್ಲಿ ಯಾವುದೂ ಸುತ್ತುವುದಿಲ್ಲ. ಮೇಲಿನ ಮೂಳೆ ಕೆಳಗಿನದರ ಮೇಲೆ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತದೆ. ಅದು ಬೀಸುವುದಲ್ಲ, ಅರೆಯುವುದು: ಚಪ್ಪಟೆ ಕಲ್ಲಿನ ಮೇಲೆ ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಖಾರ ಅರೆದ ಹಾಗೆ. ಒರಳಲ್ಲಿ ರುಬ್ಬುತ್ತೇವೆ, ಒನಕೆಯಿಂದ ಕುಟ್ಟುತ್ತೇವೆ, ಬೀಸುಕಲ್ಲಲ್ಲಿ ಬೀಸುತ್ತೇವೆ, ಗುಂಡುಕಲ್ಲಲ್ಲಿ ಅರೆಯುತ್ತೇವೆ. ಕೈ ಚಲಿಸುವ ದಿಕ್ಕು ಬದಲಾದರೆ ಕನ್ನಡದಲ್ಲಿ ಕ್ರಿಯಾಪದವೇ ಬದಲಾಗುತ್ತದೆ. ಮಿಕ್ಸರಿನ ಕಾಲದಲ್ಲಿ ಈ ನಾಲ್ಕೂ ಒಂದೇ ಆಗಿ ಕರಗುತ್ತಿರುವುದು ನನಗೆ ನೋವಿನ ಸಂಗತಿ. ‘ಅರೆಗಲ್ಲು’ ಎಂಬ ಪದ ಈ ಮೀನಿನ ನೆಪದಲ್ಲಾದರೂ ಒಂದಷ್ಟು ಮಕ್ಕಳ ಕಿವಿಗೆ ಬೀಳಲಿ ಎಂದು ‘ಗಂಟಲ ಅರೆಗಲ್ಲು’ ಎಂದು ತಿದ್ದಿದ್ದೇನೆ.

ಬಂಡೆಯ ಮೇಲೆ ಅದು ಮಾಡುವ ಕೆಲಸಕ್ಕೂ ಇದೇ ಬಗೆಯ ಹುಡುಕಾಟ ನಡೆಯಿತು. ‘ತಿನ್ನುತ್ತದೆ’ ಎಂದರೆ ಮುಗಿಯಿತಲ್ಲ ಎನ್ನಬಹುದು. ಮುಗಿಯುವುದಿಲ್ಲ. ಗಿಳಿಮೀನುಗಳಲ್ಲಿ 100ರ ಹತ್ತಿರ ಜಾತಿಗಳಿವೆ, ಉಣ್ಣುವ ರೀತಿಯನ್ನು ನೋಡಿ ಅವುಗಳನ್ನು ಮೂರು ಗುಂಪು ಮಾಡುತ್ತಾರೆ. ಕೆಲವು ಮೇಲೆ ಬೆಳೆದ ಸೊಪ್ಪಿನಂಥ ಪಾಚಿಯನ್ನೋ ಕಡಲಹುಲ್ಲನ್ನೋ ಕಿತ್ತು ತಿನ್ನುತ್ತವೆ. ಕೆಲವು ಬಂಡೆಯ ಮೇಲ್ಮೈಯನ್ನು ತೆಳುವಾಗಿ ಉಜ್ಜಿ ತೆಗೆಯುತ್ತವೆ. ಇನ್ನು ಕೆಲವು ಬಲವಾಗಿ ಕಚ್ಚಿ ಕಲ್ಲಿನ ಚೂರನ್ನೇ ಎಬ್ಬಿಸಿ ಗುಳಿ ಮಾಡುತ್ತವೆ. ಮೊದಲನೆಯದಕ್ಕೆ ‘ಮೇಯುವ’. ಮೂರನೆಯದಕ್ಕೆ ‘ತೋಡುವ’. ಎರಡನೆಯದಕ್ಕೆ ಬಹಳ ದಿನ ‘ಕೆರೆಯುವ’ ಎಂದು ಬರೆದು ಒಪ್ಪದೆ ಇದ್ದೆ. ಕೆರೆಯುವುದೆಂದರೆ ನವೆಯಾದಲ್ಲಿ ಮಾಡುವ ಕೆಲಸ. ಮಲೆನಾಡಿನ ಗೆಳತಿಯೊಬ್ಬರ ಮನೆಯಲ್ಲಿ ತೆಂಗಿನಕಾಯಿ ತುರಿಯಲು ಕೂತಾಗ ಅವರ ಅತ್ತೆ ‘ಆ ಹೆರೆಮಣೆ ಇತ್ತ ತಾರೇ’ ಎಂದರು. ಹೆರೆಯುವುದು! ಬಾಗಿದ, ಹಲ್ಲಿರುವ ಅಲಗು, ಗಟ್ಟಿ ಚಿಪ್ಪಿನ ಒಳಮೈ, ತೆಳ್ಳಗೆ ಎದ್ದು ಬರುವ ಬಿಳಿಯ ತುರಿ. ನೇತ್ರಾಣಿಯ ಬಂಡೆಯ ಮೇಲೆ ನಾನು ಕಂಡದ್ದು ಅದನ್ನೇ. ಮೇಯುವ, ಹೆರೆಯುವ, ತೋಡುವ ಗಿಳಿಮೀನುಗಳು. ಈ ಮೂರು ಪದಗಳ ಬಗ್ಗೆ ನನಗೆ ಸಂದೇಹ ಉಳಿದಿಲ್ಲ.

ಮೇಯುವುದು ಎಂಬ ಪದಕ್ಕೆ ಇನ್ನೊಂದು ಬಲವೂ ಇದೆ. ದನ ಮೇಯದ ಬಯಲು ಕಳೆ ತುಂಬಿ ಹೋಗುವುದನ್ನು ಹಳ್ಳಿಯ ಮಗು ಕಂಡಿರುತ್ತದೆ. ಹವಳದ ದಿಬ್ಬದಲ್ಲಿ ಮೇಯುವ ಮೀನು ಇಲ್ಲವಾದರೆ ಪಾಚಿ ಬೆಳೆದು ಎಳೆಯ ಹವಳಕ್ಕೆ ನೆಲೆಯೂರಲು ಜಾಗವೇ ಸಿಗದೆ ಹೋಗುತ್ತದೆ. ಕೆರಿಬಿಯನ್ ಕಡಲಿನಲ್ಲಿ 1983ರಲ್ಲಿ ಪಾಚಿ ತಿನ್ನುವ ಮುಳ್ಳುಚೆಂಡುಗಳು (ಇಂಗ್ಲಿಷಿನಲ್ಲಿ ಸೀ ಅರ್ಚಿನ್ ಎನ್ನುವ, ಮೈತುಂಬ ಮುಳ್ಳಿನ ಕಡಲಜೀವಿಗಳು) ರೋಗ ತಗುಲಿ ಸಾಲುಸಾಲಾಗಿ ಸತ್ತವು. ಆಮೇಲೆ ಆ ದಿಬ್ಬಗಳ ಹೊರೆಯೆಲ್ಲ ಗಿಳಿಮೀನುಗಳ ಮೇಲೆ ಬಿತ್ತು. 2009ರಲ್ಲಿ ಅದೇ ಕಡಲ ದಡದ ಬೆಲೀಜ್ ದೇಶ ಗಿಳಿಮೀನು ಹಿಡಿಯುವುದನ್ನೇ ಕಾನೂನು ಮಾಡಿ ನಿಲ್ಲಿಸಿತು. ‘ಮೇಯುವ ಮೀನು’ ಎಂದರೆ ಮಗುವಿಗೆ ಈ ಕಾರಣ ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಇಲ್ಲಿ ‘ಸಸ್ಯಾಹಾರಿ’ ಎಂಬ ಪದವನ್ನು ಬಳಸದಿರಲು ನಿರ್ಧರಿಸಿದ್ದೇನೆ. ಹಳೆಯ ಬರಹಗಳೆಲ್ಲ ಹಾಗೆ ಕರೆದಿವೆ. 2017ರಲ್ಲಿ ಕೆಲವು ವಿಜ್ಞಾನಿಗಳು, ಬಹಳಷ್ಟು ಗಿಳಿಮೀನುಗಳಿಗೆ ನಿಜವಾಗಿ ಬೇಕಾದದ್ದು ಪಾಚಿಯಲ್ಲ, ಪಾಚಿಯ ಬುಡದಲ್ಲೂ ಸುಣ್ಣಗಲ್ಲಿನ ಒಳಗೂ ಮೇಲೂ ಬಾಳುವ ಸೂಕ್ಷ್ಮಜೀವಿಗಳು ಎಂದು ವಾದಿಸಿದರು. ಅದಲ್ಲದೆ ನಮ್ಮಲ್ಲಿ ಸಸ್ಯಾಹಾರಿ ಎಂದೊಡನೆ ಹೋಟೆಲಿನ ಬೋರ್ಡು, ಮನೆಯ ಆಚಾರ ಎಲ್ಲ ಜೊತೆಗೆ ಬರುತ್ತವೆ. ಮೀನಿನ ಮೇಲೆ ಆ ಭಾರವನ್ನು ಹೊರಿಸುವುದು ಬೇಡ.

ಮೇಯುವುದರ ಮುಂದಿನ ಹೆಜ್ಜೆ ಮೆಲುಕು. ಇದನ್ನು ಓದಿದಾಗ ನನಗೆ ಮೈ ನವಿರೆದ್ದಿತು. ಮೆಡಿಟರೇನಿಯನ್ ಕಡಲಲ್ಲೂ ಒಂದು ಗಿಳಿಮೀನು ಇದೆ, ಗ್ರೀಕರು ಅದನ್ನು ಸ್ಕಾರೊಸ್ ಎನ್ನುತ್ತಿದ್ದರು. ಮೀನುಗಳಲ್ಲೆಲ್ಲ ಇದೊಂದೇ ದನದಂತೆ ಮೆಲುಕು ಹಾಕುವ ಹಾಗೆ ಕಾಣುತ್ತದೆ ಎಂದು ಅರಿಸ್ಟಾಟಲ್ ಬರೆದಿಟ್ಟಿದ್ದಾನೆ. ನಿಜಕ್ಕೂ ಅದು ಮೆಲುಕಲ್ಲ. ಮೆಲುಕು ಹಾಕಲು ಹೊಟ್ಟೆಗೆ ಹೋದದ್ದು ಮತ್ತೆ ಬಾಯಿಗೆ ಬರಬೇಕು. ಗಿಳಿಮೀನಿಗೆ ಜಠರವೇ ಇಲ್ಲ, ಗಂಟಲಿಂದ ನೇರವಾಗಿ ಉದ್ದನೆಯ ಕರುಳು. ಅರಿಸ್ಟಾಟಲ್ ಕಂಡದ್ದು ಗಂಟಲ ಅರೆಗಲ್ಲಿನ ಆಟವನ್ನೇ ಇರಬೇಕು. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಒಬ್ಬ ಮನುಷ್ಯ ಮೀನಿನ ದವಡೆಯನ್ನು ಅಷ್ಟು ಹೊತ್ತು ನೋಡುತ್ತಾ ಕೂತಿದ್ದನಲ್ಲ ಎಂಬುದೇ ನನಗೆ ದೊಡ್ಡದಾಗಿ ಕಂಡಿತು.

ಅರೆದ ಸುಣ್ಣಗಲ್ಲು ಏನಾಗುತ್ತದೆ? ಹೊರಗೆ ಬರುತ್ತದೆ, ಬಿಳಿಯ ಮರಳಾಗಿ. ಮೀನು ಈಜುತ್ತಾ ಹೋಗುವಾಗ ಹಿಂದೆ ಹಿಟ್ಟು ಚೆಲ್ಲಿದಂತೆ ಬಿಳಿ ಮೋಡವೊಂದು ನೀರಲ್ಲಿ ಇಳಿಯುತ್ತದೆ. ಉಬ್ಬುಹಣೆಯ ಗಿಳಿಮೀನು ಇವುಗಳಲ್ಲೆಲ್ಲ ದೊಡ್ಡದು, 1.3 ಮೀಟರಿನಷ್ಟು ಉದ್ದ, 46 ಕಿಲೋವರೆಗೂ ತೂಗುತ್ತದೆ. ಅಂಥ ಒಂದು ಮೀನು ವರ್ಷಕ್ಕೆ 5 ಟನ್ನಿಗೂ ಹೆಚ್ಚು ಸುಣ್ಣಗಲ್ಲನ್ನು ಕಚ್ಚಿ ನುಂಗುತ್ತದೆ ಎಂದು ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ದಿಬ್ಬದಲ್ಲಿ ಲೆಕ್ಕ ಹಾಕಿದ್ದಾರೆ. ಮಾಲ್ಡೀವ್ಸಿನ ವಕ್ಕರು ದ್ವೀಪದ ದಿಬ್ಬವನ್ನು ಅಳೆದು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಅಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಪಾಲು ಗಿಳಿಮೀನುಗಳದೇ ಎಂದು ಹೇಳಿದೆ. ಜನ ಬೀಡುಬಿಡುವ ನೆಲ ಮೀನಿನ ಹೊಟ್ಟೆಯಿಂದ ಬಂದದ್ದು.

ಈಗ ಭಾಷೆಯ ಪ್ರಶ್ನೆ. ಮೀನಿನ ಮಲಕ್ಕೆ ಏನೆನ್ನುವುದು? ಹಸುವಿಗೆ ಸಗಣಿ, ಆನೆ ಕುದುರೆಗಳಿಗೆ ಲದ್ದಿ, ಆಡು ಕುರಿ ಹಕ್ಕಿಗಳಿಗೆ ಹಿಕ್ಕೆ. ಪ್ರಾಣಿಗೊಂದು ಪದವಿರುವ ಭಾಷೆ ನಮ್ಮದು. ಮೀನಿನದನ್ನು ನೀರೇ ಒಯ್ಯುವುದರಿಂದ ಹೆಸರಿಡುವ ಸಂದರ್ಭ ಬರಲಿಲ್ಲವೇನೋ. ಹೆಸರಿನಲ್ಲೇ ಗಿಳಿ ಇರುವುದರಿಂದ ‘ಹಿಕ್ಕೆ’ ಎಂದು ಬರೆದಿದ್ದೇನೆ. ಮಕ್ಕಳ ಪತ್ರಿಕೆಯಲ್ಲಿ ಈ ಪದಕ್ಕೆ ಹಿಂಜರಿಯಬೇಕಾಗಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಮರಳಿಗೆ ಮಾತ್ರ ಪದಗಳ ಕೊರತೆಯಿಲ್ಲ. ಹಳಗನ್ನಡದ ಮಳಲ್, ಇಂದಿನ ಮರಳು, ಬಯಲುಸೀಮೆಯ ಉಸುಕು, ದಕ್ಷಿಣ ಕನ್ನಡದ ಹೊಯಿಗೆ. ಮಂಗಳೂರಿನ ಹೊಯಿಗೆ ಬಜಾರಿನ ಹೆಸರಲ್ಲಿ ಅದು ಉಳಿದುಕೊಂಡಿದೆ. ಪುಸ್ತಕದ ಮರಳನ್ನೇ ಇಟ್ಟುಕೊಂಡು, ಒಂದು ಸಾಲಿನಲ್ಲಿ ಉಸುಕು, ಹೊಯಿಗೆ ಎರಡನ್ನೂ ತರುತ್ತೇನೆ. ಮಗು ತನ್ನ ಮನೆಯ ಪದವನ್ನು ಅಚ್ಚಿನಲ್ಲಿ ಕಾಣಬೇಕು.

ಇಲ್ಲಿಂದ ಕಷ್ಟ ಶುರು. ಬಹುಪಾಲು ಗಿಳಿಮೀನುಗಳು ಹೆಣ್ಣಾಗಿ ಬೆಳೆದು ಮೊಟ್ಟೆಯಿಟ್ಟು, ಮುಂದೊಂದು ದಿನ ಗಂಡಾಗುತ್ತವೆ. ಆಗ ಬಣ್ಣವೂ ಬದಲಾಗುತ್ತದೆ. ಕಂದು, ಬೂದು, ಕೆಂಪು, ಹಳದಿಯ ಮೀನು ಹಸಿರು, ನೀಲಿ, ಗುಲಾಬಿಯ ಮೀನಾಗುತ್ತದೆ. ಹಲವು ಜಾತಿಗಳಲ್ಲಿ ಒಂದು ದೊಡ್ಡ ಗಂಡು ಕೆಲವು ಹೆಣ್ಣುಗಳ ಹಿಂಡನ್ನೂ ಅವುಗಳ ಜಾಗವನ್ನೂ ಕಾಯುತ್ತಿರುತ್ತದೆ. ಅದು ಸತ್ತರೆ ಹೆಣ್ಣುಗಳಲ್ಲಿ ದೊಡ್ಡದು ಗಂಡಾಗಿ ಆ ಸ್ಥಾನಕ್ಕೆ ಬರುತ್ತದೆ. ಇದು ತಿಳಿಯುವ ಮೊದಲು ನಿಸರ್ಗಶಾಸ್ತ್ರಜ್ಞರು ಒಂದೇ ಜಾತಿಯ ಎರಡು ಬಣ್ಣಗಳಿಗೆ ಎರಡು ಜಾತಿಯ ಹೆಸರು ಕೊಟ್ಟದ್ದು ಎಷ್ಟೋ ಸಲ. ನೇತ್ರಾಣಿಯಲ್ಲಿ ನಾನು ಮಾಡಿದ ತಪ್ಪನ್ನೇ ಅವರೂ ಮಾಡಿದ್ದರು. ಹವಾಯಿಯ ಭಾಷೆಯಲ್ಲಿ ಗಿಳಿಮೀನುಗಳಿಗೆಲ್ಲ ‘ಉಹು’ ಎಂದು ಹೆಸರು. ಅಲ್ಲಿನ ಒಂದು ಜಾತಿಯ ಕೆಂಪು ಹೆಣ್ಣಿಗೆ ‘ಪಾಲುಕಲುಕ’, ಕಪ್ಪು ಹಸಿರಿನ ಗಂಡಿಗೆ ‘ಉಹು ಎಲೆಎಲೆ’ ಎಂದು ಬೇರೆ ಬೇರೆ ಹೆಸರುಗಳಿವೆ. ಮೀನನ್ನು ದಿನವೂ ನೋಡುವವರ ಭಾಷೆ ಎರಡು ಬಣ್ಣವನ್ನೂ ಬಿಡದೆ ಗುರುತಿಸಿದೆ.

ವಿಜ್ಞಾನದ ಬರಹಗಳಲ್ಲಿ ಮೊದಲ ಬಣ್ಣದ ಕಾಲಕ್ಕೂ ಕಡೆಯ ಬಣ್ಣದ ಕಾಲಕ್ಕೂ ಎರಡು ಪದಗಳಿವೆ. ನೇರವಾಗಿ ಕನ್ನಡಕ್ಕೆ ತಂದರೆ ‘ಆರಂಭಿಕ ಹಂತ’, ‘ಅಂತಿಮ ಹಂತ’. ಎರಡನೆಯದನ್ನು ಬರೆಯಲು ನನ್ನ ಕೈ ಏಳಲಿಲ್ಲ. ಕನ್ನಡದ ಓದುಗರಿಗೆ ಅಂತಿಮ ಹಂತ ಎಂದರೆ ಆಸ್ಪತ್ರೆಯ ಮಾತು, ಇನ್ನು ಉಳಿಯುವುದಿಲ್ಲ ಎಂಬ ಸುದ್ದಿ. ಮೀನಿನ ಬಾಳಿನಲ್ಲೋ, ಅದು ಮೈತುಂಬ ಬಣ್ಣ ಬಂದ ಕಾಲ.

‘ಎಳೆಬಣ್ಣ, ಬಲಿತ ಬಣ್ಣ’ ಎಂದರೆ ತಪ್ಪಾಗುತ್ತದೆ. ಮೊದಲ ಬಣ್ಣದ ಹೆಣ್ಣು ಮರಿಯಲ್ಲ, ಬಲಿತು ಮೊಟ್ಟೆಯಿಡುವ ಮೀನು. ‘ಹೆಣ್ಣುಬಣ್ಣ, ಗಂಡುಬಣ್ಣ’ ಎಂದರೂ ತಪ್ಪು, ಏಕೆಂದರೆ ಹುಟ್ಟಿನಿಂದಲೇ ಗಂಡಾಗಿದ್ದು ಹೆಣ್ಣಿನದೇ ಬಣ್ಣದಲ್ಲಿ ತಿರುಗಾಡುವ ಮೀನುಗಳೂ ಕೆಲವು ಜಾತಿಗಳಲ್ಲಿವೆ. ‘ವೇಷ’ ಎಂಬ ಪದ ಬಹಳ ಸೆಳೆಯಿತು. ಯಕ್ಷಗಾನದ ಊರಿನವರಿಗೆ ಸ್ತ್ರೀವೇಷ, ಬಣ್ಣದ ವೇಷ ಎಂಬ ಮಾತುಗಳು ರಕ್ತದಲ್ಲಿವೆ. ಆದರೆ ವೇಷವನ್ನು ಬೆಳಗಾದ ಮೇಲೆ ಕಳಚಿಡುತ್ತೇವೆ. ಈ ಮೀನು ಹಿಂದೆ ಹೆಣ್ಣಿನ ವೇಷ ಹಾಕಿರಲಿಲ್ಲ, ಹೆಣ್ಣೇ ಆಗಿತ್ತು. ಈಗ ಗಂಡಿನ ವೇಷ ಹಾಕಿಲ್ಲ, ಗಂಡೇ ಆಗಿದೆ. ಆ ಪದವನ್ನು ಬಿಟ್ಟೆ.

‘ಉಭಯಲಿಂಗಿ’ ಎಂಬುದು ಪಠ್ಯಪುಸ್ತಕದಲ್ಲಿ ಎರೆಹುಳುವಿಗೆ ಇರುವ ಪದ. ಎರೆಹುಳು ಒಂದೇ ಹೊತ್ತಿನಲ್ಲಿ ಎರಡೂ ಆಗಿರುತ್ತದೆ, ಗಿಳಿಮೀನು ಒಂದಾದ ಮೇಲೆ ಇನ್ನೊಂದು. ‘ಲಿಂಗಪರಿವರ್ತನೆ’ ಎಂದರೆ ಇಂದಿನ ಓದುಗರಿಗೆ ಶಸ್ತ್ರಚಿಕಿತ್ಸೆಯ ನೆನಪು ಬರುತ್ತದೆ, ಮನುಷ್ಯರ ಬಾಳಿನ ಆ ದೊಡ್ಡ ಪದವನ್ನು ಮೀನಿಗೆ ಎರವಲು ತರುವುದು ನನಗೆ ಸರಿಕಾಣದು. ಕೊನೆಗೆ ನಾನು ಬರೆದ ವಾಕ್ಯ ಇದು: ‘ಆ ಮೀನು ಗಂಡಾಯಿತು.’ ಕಾಯಿ ಹಣ್ಣಾಯಿತು, ಹಾಲು ಮೊಸರಾಯಿತು ಎಂದ ಹಾಗೆ. ‘ಆಗು’ ಎಂಬ ಧಾತು ಇರುವಾಗ ಹೊಸ ಪದ ಬೇಕೇ ಇಲ್ಲ.

ಇದನ್ನು ಬರೆಯುವಾಗ ಕನ್ನಡದ ವ್ಯಾಕರಣ ಮಾಡಿದ ಉಪಕಾರವನ್ನು ಹೇಳಲೇಬೇಕು. ನಮ್ಮಲ್ಲಿ ಪ್ರಾಣಿಗಳೆಲ್ಲ ‘ಅದು’. ಹೆಣ್ಣು ಗಿಳಿಮೀನೂ ಅದು, ಗಂಡು ಗಿಳಿಮೀನೂ ಅದು. ಮೊಟ್ಟೆಯಿಟ್ಟಿತು, ಬಣ್ಣ ಬದಲಿಸಿತು, ಗಂಡಾಯಿತು, ಹಿಂಡನ್ನು ಕಾಯಿತು. ನಾಲ್ಕು ಕ್ರಿಯಾಪದಗಳ ಉದ್ದಕ್ಕೂ ಸರ್ವನಾಮ ಅಲುಗುವುದಿಲ್ಲ, ಮೀನು ಅದೇ ಮೀನಾಗಿ ಉಳಿಯುತ್ತದೆ. ಹಿಂದಿಗೆ ಅನುವಾದಿಸುತ್ತಿರುವ ಸ್ನೇಹಿತರಿಗೆ ಇದೇ ಭಾಗದಲ್ಲಿ ಕ್ರಿಯಾಪದದ ಲಿಂಗವನ್ನು ಎಲ್ಲಿ ಬದಲಿಸಬೇಕೆಂಬ ಚಿಂತೆ ಹತ್ತಿದೆ. ಅಲ್ಲಿ ಮಛಲಿ ಎಂಬ ಪದವೇ ಸ್ತ್ರೀಲಿಂಗ.

ಹಾಗಾದರೆ ಎರಡು ಬಣ್ಣಗಳಿಗೆ ಏನು ಹೆಸರು? ಮೊದಲನೆಯದಕ್ಕೆ ‘ಮೊದಲ ಬಣ್ಣ’ ಸಾಕು. ಎರಡನೆಯದಕ್ಕೆ ‘ಕೊನೆಯ ಬಣ್ಣ’ ಎನ್ನಬಹುದು, ತಪ್ಪಿಲ್ಲ, ಜೀವವೂ ಇಲ್ಲ. ನನ್ನ ಮನಸ್ಸು ಹೋಗಿರುವುದು ‘ಪಟ್ಟದ ಬಣ್ಣ’ ಎಂಬುದರ ಕಡೆಗೆ. ಪಟ್ಟದ ಆನೆ, ಪಟ್ಟಕ್ಕೆ ಬಂದ ಮಗ ಎನ್ನುವ ಹಾಗೆ, ಹಿಂಡಿನ ಹೊಣೆ ಹೊತ್ತ ಮೀನಿಗೆ ಬರುವ ಬಣ್ಣ. ಇದಕ್ಕೆ ಎರಡು ಆಕ್ಷೇಪಗಳು ನನಗೇ ಹೊಳೆದಿವೆ. ಕಡೆಯ ಬಣ್ಣ ಬಂದ ಗಂಡುಗಳೆಲ್ಲಕ್ಕೂ ಹಿಂಡು ಇರುವುದಿಲ್ಲ, ಒಂಟಿಯಾಗಿ ತಿರುಗುವವೂ ಇವೆ. ಮತ್ತೆ, ಮೈಮೇಲೆ ಪಟ್ಟೆಗಳಿರುವ ಮೀನಿನ ಬಗ್ಗೆ ‘ಪಟ್ಟದ ಬಣ್ಣ’ ಎಂದು ಬರೆದರೆ ಮಗು ಅದನ್ನು ‘ಪಟ್ಟೆಯ ಬಣ್ಣ’ ಎಂದು ಓದಿಕೊಂಡೀತು. ಎರಡನೆಯ ಭಯವೇ ಹೆಚ್ಚು.

ಕೊನೆಯದು ರಾತ್ರಿಯ ಹೊದಿಕೆ. ಸಂಜೆಯಾದೊಡನೆ ಗಿಳಿಮೀನುಗಳು ಬಂಡೆಯ ಸಂದಿ ಹುಡುಕಿ ಮಲಗುತ್ತವೆ. ಕೆಲವು ಜಾತಿಗಳು ಮಲಗುವ ಮುನ್ನ ಕಿವಿರುಗಳ ಹತ್ತಿರದ ಗ್ರಂಥಿಗಳಿಂದ ಲೋಳೆ ಸುರಿಸುತ್ತವೆ. ಬಾಯಿಂದ ಹೊರಟ ಲೋಳೆ ಗಾಜಿನಂತೆ ತಿಳಿಯಾದ ಚೀಲವಾಗಿ ಹಿಂದಕ್ಕೆ ಹರಡುತ್ತಾ ಬಾಲದವರೆಗೂ ಮೀನನ್ನು ಮುಚ್ಚುತ್ತದೆ. ಇಡೀ ರಾತ್ರಿ ಮೀನು ಅದರೊಳಗೆ. ಬೆಳಿಗ್ಗೆ ಹರಿದುಕೊಂಡು ಹೊರಗೆ ಬರುತ್ತದೆ, ಸಂಜೆ ಮತ್ತೆ ಹೊಸದು.

ರೇಷ್ಮೆಯ ನಾಡಿನವರಾದ ನಮಗೆ ಮೊದಲು ತೋಚುವುದು ‘ಗೂಡು’. ರಾಮನಗರದ ಮಾರುಕಟ್ಟೆಯಲ್ಲಿ ಕ್ರೇಟುಗಟ್ಟಲೆ ಮಾರಾಟವಾಗುವುದೂ ಗೂಡೇ. ಆದರೆ ರೇಷ್ಮೆಹುಳು ಗೂಡು ಕಟ್ಟುವುದು ಜನ್ಮಕ್ಕೊಮ್ಮೆ, ಒಳಗೆ ಹೋದದ್ದು ಬೇರೆಯೇ ಜೀವವಾಗಿ ಹೊರಬರುತ್ತದೆ. ಬಣ್ಣ ಬದಲಿಸುವ ಮೀನಿನ ಕಥೆಯಲ್ಲಿ ಗೂಡು ಎಂದರೆ ಮಗು ಖಂಡಿತ ಎರಡನ್ನೂ ಬೆಸೆದು, ಗೂಡಿನೊಳಗೆ ಹೋಗಿ ಗಂಡಾಗಿ ಬರುತ್ತದೆ ಎಂದು ತಿಳಿದೀತು. ‘ಪೊರೆ’ ಹಾವಿನದು, ಕಣ್ಣಿನದು. ‘ಲೋಳೆಪೊರೆ’ ಎಂಬುದು ಜೀವಶಾಸ್ತ್ರದಲ್ಲಿ ಮೂಗು, ಬಾಯಿ, ಕರುಳಿನ ಒಳಪದರಕ್ಕೆ ಆಗಲೇ ನಿಂತುಹೋಗಿದೆ.

ದಾರಿ ತೋರಿಸಿದ್ದು ಆ ಹೊದಿಕೆ ಮಾಡುವ ಕೆಲಸ. ರಾತ್ರಿ ಬೇಟೆಯಾಡುವ ಹಾವುಮೀನಿಗೆ ವಾಸನೆ ತಿಳಿಯದಿರಲಿ ಎಂದು ಇದನ್ನು ಕಟ್ಟುತ್ತದೆ ಎಂದು ಬಹುಕಾಲ ಊಹಿಸುತ್ತಿದ್ದರು. 2011ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಒಂದು ಜಾತಿಯ ಗಿಳಿಮೀನುಗಳ ಮೇಲೆ ಪರೀಕ್ಷೆ ನಡೆಸಿದರು. ಕಡಲಲ್ಲಿ ರಾತ್ರಿ ಮೀನಿನ ಮೈಗೆ ಅಂಟಿ ರಕ್ತ ಹೀರುವ ಉಣುಗಿನಂಥ ಪುಟ್ಟ ಜೀವಿಗಳಿವೆ. ಹೊದಿಕೆ ತೆಗೆದ ಮೀನುಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವು ಅವುಗಳ ಕಡಿತಕ್ಕೆ ಸಿಕ್ಕವು, ಹೊದಿಕೆಯೊಳಗಿದ್ದವುಗಳಲ್ಲಿ ಶೇಕಡಾ 10 ಮಾತ್ರ. ಎಂದರೆ ಇದು ಸೊಳ್ಳೆಪರದೆ! ಸಂಜೆ ಕಟ್ಟಿ ಬೆಳಿಗ್ಗೆ ಬಿಚ್ಚುವುದೂ ಅದರಂತೆಯೇ. ಸೊಳ್ಳೆಪರದೆಯ ಜಾಡಿನಲ್ಲೇ ‘ಲೋಳೆಪರದೆ’ ಎಂದು ಬರೆದು ಗಟ್ಟಿಯಾಗಿ ಓದಿಕೊಂಡೆ. ಎರಡು ಪದಗಳೂ ಒಂದೇ ತಾಳದಲ್ಲಿ ನಡೆಯುತ್ತವೆ. ಒಂದೇ ವ್ಯತ್ಯಾಸವಿದೆ. ಸೊಳ್ಳೆಪರದೆ ಎಂದರೆ ಸೊಳ್ಳೆಯನ್ನು ತಡೆಯುವ ಪರದೆ, ಲೋಳೆಪರದೆ ಎಂದರೆ ಲೋಳೆಯಿಂದ ಆದ ಪರದೆ. ಸಮಾಸದ ಒಳಗಿನ ವಿಭಕ್ತಿ ಬೇರೆ. ವ್ಯಾಕರಣ ಬಲ್ಲವರು ಇದು ದೋಷವೇ ಎಂದು ತಿಳಿಸಬೇಕು. ಸೆರಗಿನಲ್ಲಿ ಜರಿಯಿದ್ದರೆ ಜರಿಸೆರಗು, ಕೈ ಒರೆಸಿದರೆ ಕೈವಸ್ತ್ರ ಎಂದು ಎರಡು ಬಗೆಯ ಸಂಬಂಧವನ್ನೂ ಕನ್ನಡ ಒಂದೇ ರೂಪದಲ್ಲಿ ಹೊಲಿಯುವುದರಿಂದ ದೋಷವಲ್ಲ ಎಂದೇ ನನ್ನ ಎಣಿಕೆ.

ಈ ತಿಂಗಳ 20ಕ್ಕೆ ಬರಹ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ನಿಮ್ಮಿಂದ ಮುಖ್ಯವಾಗಿ ಬೇಕಾದದ್ದು ಎರಡು. ಒಂದು, ‘ಪಟ್ಟದ ಬಣ್ಣ’ ನಿಲ್ಲುತ್ತದೆಯೇ? ಮನೆಯಲ್ಲಿ ಹತ್ತು ಹನ್ನೊಂದು ವರ್ಷದ ಮಕ್ಕಳಿದ್ದರೆ ಪದವನ್ನು ಬರಿದೆ ಓದಲು ಕೊಟ್ಟು, ಏನು ಅರ್ಥವಾಯಿತು ಎಂದು ಕೇಳಿ ಅವರ ಉತ್ತರವನ್ನೇ ಬರೆಯಿರಿ. ಇನ್ನೊಂದು, ಕಾರವಾರ, ತದಡಿ, ಭಟ್ಕಳ, ಗಂಗೊಳ್ಳಿ, ಮಲ್ಪೆ ಕಡೆಯವರು ಬಂಡೆಯ ಹತ್ತಿರ ಗಾಳ ಹಾಕುವ ಹಿರಿಯರನ್ನು ವಿಚಾರಿಸಿ. ದೋಣಿಯ ಆ ಅಣ್ಣ ಹೆಸರಿಲ್ಲ ಎಂದದ್ದು ಬಲೆ ಬೀಸುವವರ ಲೆಕ್ಕದಲ್ಲಿ. ಗಾಳದವರ ಬಾಯಲ್ಲಿ, ಕೊಂಕಣಿಯಲ್ಲೋ ತುಳುವಿನಲ್ಲೋ ನವಾಯತಿಯಲ್ಲೋ ಇದಕ್ಕೊಂದು ಹೆಸರಿದ್ದರೆ ಗಿಳಿಮೀನನ್ನೂ ಗಿಣಿಮೂತಿಯನ್ನೂ ಹಿಂದೆ ಸರಿಸಿ ಅದನ್ನೇ ಲೇಖನದ ತಲೆಬರಹಕ್ಕೆ ಏರಿಸುತ್ತೇನೆ.